ಕಸದಾಕಿ ಅನಬ್ಯಾಡ್ರಿ

ಗಾಡಿ ಹಾಡು ಕೇಳಿದ ಕೂಡ್ಲೆ "ಕಸದಾಕಿ ಬಂದ್ಲು" ಅಂತೀರಲ್ರಿ ವೈನಿ, ಕಸ ಆಕೀದೇನು? ಉಳ್ಳಾಗಡ್ಡಿ ಸಿಪ್ಪಿ, ಒಡದ ಗಾಜು, ಕೂಸಿನ ಡೈಪರ್, ನಮ್ಮ ಪ್ಯಾಡು, ಎಲ್ಲಾ ಒಂದ ಬಕೀಟಿನ್ಯಾಗ. ಆಕಿ ಕೈಗವಸು ಹರದಾವ. ಅದ ಕೈಲೆ ಬ್ಯಾರೆ ಮಾಡಬೇಕು. ಪ್ಯಾಡು ಸುತ್ತಿ ಬ್ಯಾರೆ ಕೊಡ್ರಿ ಅಂತ ನಿಯಮಾನ ಅದ.

2022ರ ಜುಲೈದಾಗ ಪೌರಕಾರ್ಮಿಕರು ಕಾಯಂ ಮಾಡ್ರಿ ಅಂತ ಕೆಲಸ ನಿಲ್ಲಿಸಿದಾಗ ನಾವು ಮೂಗು ಮುಚ್ಚಿಕೊಂಡ್ವಿ, ಅಷ್ಟ. ನಮ್ಮ ಓಣಿಗೆ ಬರಾಕಿ ಇನ್ನೂ ಗುತ್ತಿಗಿನ. ಒಂದಿನ ತಪ್ಪಿದ್ರ ಪಗಾರ ಕಟ್, ಅದಕ್ಕ ಜ್ವರದಾಗೂ ಬರತಾಳ. ನಾವು ಹಳೇ ಸೀರಿ, ನಿನ್ನಿ ಹೋಳಿಗಿ ಕೊಟ್ಟು ದೊಡ್ಡವರಾಗತೀವಿ! ಸೀರಿ ಇರಲಿ. ಆಕಿ ಪಗಾರ ತಿಂಗಳಾ ತಿಂಗಳಾ ಯಾಕ ಬರೂದಿಲ್ಲ ಅಂತ ಆ ಗುತ್ತಿಗಿದಾರಗ ಎಲ್ಲಾರೂ ಕೂಡಿ ಕೇಳೋಣು, ಯಾವತ್ತು ಬರ್ತೀರಿ ಹೇಳ್ರಿ.