ವರ್ಧಿತ ವಾಸ್ತವದ ಚಿತ್ರರಚನೆ ಮತ್ತು ಆಕರನಿಷ್ಠೆ

ಹಂಪೆಯ ವಿಜಯವಿಠ್ಠಲ ದೇವಾಲಯದ ಪ್ರಾಕಾರದಲ್ಲಿರುವ ಕಲ್ಲಿನ ರಥವನ್ನು ಅರಿಯದ ಕನ್ನಡಿಗರು ವಿರಳ. ಪ್ರತ್ಯಕ್ಷ ನೋಡದವರೂ 2017ರಲ್ಲಿ ಚಲಾವಣೆಗೆ ಬಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಅದನ್ನು ಕಂಡಿರುತ್ತಾರೆ. ಆದರೆ ಇಂದು ಕಣ್ಣಿಗೆ ಕಾಣುವ ರಥ ಅದರ ಪೂರ್ಣರೂಪವಲ್ಲ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವೊಂದಿದೆ. ಆ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ತೆಗೆದುಹಾಕಲಾಯಿತು. ಈಗ ರಥದ ಮುಂದೆ ನಿಂತಿರುವ ಆನೆಗಳು ಮೂಲದವಲ್ಲ. ಅಲ್ಲಿ ಹಿಂದೆ ಕುದುರೆಗಳಿದ್ದವು ಎಂಬುದಕ್ಕೆ ಅವುಗಳ ಹಿಂಗಾಲು ಮತ್ತು ಬಾಲದ ಅವಶೇಷಗಳೇ ಸಾಕ್ಷಿ. ಇರುವ ಕಲ್ಲು, ಛಾಯಾಚಿತ್ರದಲ್ಲಿ ಉಳಿದ ಶಿಖರ, ಅವಶೇಷದಿಂದ ಊಹಿಸಬೇಕಾದ ಕುದುರೆ ಇವು ಮೂರು ಬೇರೆ ಬೇರೆ ಬಗೆಯ ತಿಳಿವಳಿಕೆಗಳು. ಈ ಮೂರನ್ನೂ ಒಂದೇ ಚಿತ್ರವಾಗಿ ಕೂಡಿಸಿ, ಅದೇ ಕಲ್ಲಿನ ಮೇಲೆ ಹೊಂದಿಸಿ ತೋರಿಸಬಲ್ಲ ಸಾಧನ ಇಂದು ವಿದ್ಯಾರ್ಥಿಯ ಅಂಗೈಯಲ್ಲಿದೆ. ಆಗ್ಮೆಂಟೆಡ್ ರಿಯಾಲಿಟಿ ಎಂದೂ, ಕನ್ನಡದಲ್ಲಿ ವರ್ಧಿತ ವಾಸ್ತವ ಎಂದೂ ಕರೆಯಲಾಗುವ ಈ ವಿಧಾನದ ಬಗ್ಗೆ ಕನ್ನಡ ವಿದ್ವತ್ತು ತಾಳಬೇಕಾದ ನಿಲುವೇನು ಎಂಬುದು ಇಲ್ಲಿನ ವಿಚಾರ.

ಈ ತಂತ್ರ ಏಕಾಏಕಿ ಹುಟ್ಟಿದ್ದಲ್ಲ. ಐವಾನ್ ಸದರ್ಲೆಂಡ್ 1968ರಲ್ಲಿಯೇ ತಲೆಗೆ ಧರಿಸುವ ದರ್ಶಕವೊಂದನ್ನು ನಿರ್ಮಿಸಿ, ಗಣಕ ಬರೆದ ರೇಖೆಗಳು ಎದುರಿನ ಕೋಣೆಯಲ್ಲಿಯೇ ತೇಲುತ್ತಿರುವಂತೆ ತೋರಿಸಿದ್ದರು. ಹಿರೊಕಾಜು ಕಾಟೊ 1999ರಲ್ಲಿ ರೂಪಿಸಿದ ಎಆರ್‌ಟೂಲ್‌ಕಿಟ್ ಈ ಕೆಲಸವನ್ನು ಸಾಮಾನ್ಯ ಕ್ಯಾಮೆರಾ ಮತ್ತು ಗಣಕಗಳ ಮಟ್ಟಕ್ಕೆ ತಂದಿತು. ಹೊಸ ಶತಮಾನದ ಆರಂಭದಲ್ಲಿ ಗ್ರೀಸಿನ ಒಲಿಂಪಿಯಾದ ಪಾಳುದೇಗುಲಗಳ ಮೇಲೆ ಅವುಗಳ ಪೂರ್ವರೂಪವನ್ನು ತೋರಿಸುವ ಆರ್ಕಿಯೋಗೈಡ್ ಎಂಬ ಪ್ರಯೋಗ ನಡೆಯಿತು. 2017ರಲ್ಲಿ ಆಪಲ್ ಸಂಸ್ಥೆಯ ಎಆರ್‌ಕಿಟ್, ಗೂಗಲ್ ಸಂಸ್ಥೆಯ ಎಆರ್‌ಕೋರ್ ಪ್ರಕಟವಾದ ಮೇಲೆ ಮೊಬೈಲ್ ಫೋನೇ ಇದಕ್ಕೆ ಸಾಕಾಯಿತು.

ಚಿತ್ರರಚನೆಯ ಕ್ರಮವನ್ನು ಸ್ಥೂಲವಾಗಿಯಾದರೂ ತಿಳಿಯದೆ ಅದರ ಬಗ್ಗೆ ತೀರ್ಪು ನೀಡುವುದು ಸಾಧುವಲ್ಲ. ಮೊದಲು ವಸ್ತುವನ್ನು ಎಲ್ಲ ದಿಕ್ಕುಗಳಿಂದ ನೂರಾರು ಛಾಯಾಚಿತ್ರಗಳಲ್ಲಿ ಹಿಡಿಯಲಾಗುತ್ತದೆ. ಅವುಗಳಲ್ಲಿ ಸಮಾನವಾಗಿ ಕಾಣುವ ಬಿಂದುಗಳನ್ನು ಹೋಲಿಸಿ ಗಣಕವು ವಸ್ತುವಿನ ಮೂರು ಆಯಾಮದ ಆಕಾರವನ್ನು ಕಟ್ಟುತ್ತದೆ. ಬಳಿಕ ಬ್ಲೆಂಡರ್, ಮಾಯಾ ಮೊದಲಾದ ಮಾಡೆಲಿಂಗ್ ತಂತ್ರಾಂಶಗಳಲ್ಲಿ ಕಲಾವಿದನು ಇಲ್ಲದ ಭಾಗಗಳನ್ನು ರಚಿಸುತ್ತಾನೆ. ಇಂತಹ ಮಾದರಿಯ ಮೈಯೆಂದರೆ ಪುಟ್ಟ ಪುಟ್ಟ ಬಹುಭುಜಗಳ ಜಾಲ. ಜಾಲ ದಟ್ಟವಾದಷ್ಟೂ ಫೋನಿಗೆ ಭಾರ. ಆದ್ದರಿಂದ ಅದನ್ನು ಸರಳಗೊಳಿಸಿ, ನವುರಾದ ಕೆತ್ತನೆಯನ್ನು ಮೇಲ್ಮೈಗೆ ಹೊದಿಸುವ ಚಿತ್ರದ ಮೂಲಕ ತೋರಿಸಲಾಗುತ್ತದೆ. ಅನಂತರದ್ದು ಅನಿಮೇಷನ್. ಕುದುರೆಯ ಮೈಯೊಳಗೆ ಕೀಲುಗಳ ಚೌಕಟ್ಟೊಂದನ್ನಿಟ್ಟು ಮುಖ್ಯ ಭಂಗಿಗಳನ್ನು ಗುರುತಿಸಿದರೆ, ನಡುವಿನ ಭಂಗಿಗಳನ್ನು ತಂತ್ರಾಂಶವೇ ತುಂಬುತ್ತದೆ. ತೊಗಲುಗೊಂಬೆಯ ಕೈಕಾಲುಗಳ ಕೀಲುಗಳನ್ನು ಬಲ್ಲವರಿಗೆ ಈ ಚೌಕಟ್ಟು ತೀರ ಅಪರಿಚಿತವೆನಿಸದು. ಕೊನೆಗೆ ಕ್ಯಾಮೆರಾ ಕಾಣುವ ಸ್ಥಿರ ಬಿಂದುಗಳನ್ನೂ ಫೋನಿನ ಚಲನೆಯ ಅಳತೆಯನ್ನೂ ಕೂಡಿಸಿ, ನೋಡುವವನು ಸುತ್ತ ನಡೆದರೂ ಚಿತ್ರ ತನ್ನ ಜಾಗದಿಂದ ಕದಲದಂತೆ ನಿಲ್ಲಿಸಲಾಗುತ್ತದೆ. ಸ್ಥಳದ ಬೆಳಕನ್ನು ಅಂದಾಜಿಸಿ ಚಿತ್ರಕ್ಕೂ ತಕ್ಕ ನೆರಳು ಕೊಡಲಾಗುತ್ತದೆ.

ಸಮಸ್ಯೆ ಹುಟ್ಟುವುದು ಇಲ್ಲಿಯೇ. ಪುಸ್ತಕದಲ್ಲಿ ಅಚ್ಚಾದ ಕಲ್ಪನಾಚಿತ್ರ ಕಲ್ಪನೆಯೆಂದೇ ಓದುಗನಿಗೆ ತಿಳಿಯುತ್ತದೆ. ಚಿತ್ರವೊಂದು ಕಡೆ, ಕಲ್ಲೊಂದು ಕಡೆ. ವರ್ಧಿತ ವಾಸ್ತವದಲ್ಲಾದರೋ ಸಾಕ್ಷ್ಯವಿರುವ ಕಲ್ಲೂ ಸಾಕ್ಷ್ಯವಿಲ್ಲದ ಊಹೆಯೂ ಒಂದೇ ಬೆಳಕಿನಲ್ಲಿ, ಒಂದೇ ನೆರಳಿನೊಡನೆ, ಒಂದೇ ಚೌಕಟ್ಟಿನಲ್ಲಿ ನಿಲ್ಲುತ್ತವೆ. ತಂತ್ರಜ್ಞನ ಕೌಶಲ ಹೆಚ್ಚಿದಷ್ಟೂ ಇವುಗಳ ನಡುವಿನ ಗಡಿ ಅಳಿಸಿಹೋಗುತ್ತದೆ. ಕುದುರೆಗಳ ಬಣ್ಣ ಯಾವುದು, ಅವುಗಳ ಕತ್ತು ಎಷ್ಟು ಬಾಗಿತ್ತು, ಜೀನು ಹೇಗಿತ್ತು ಎಂಬುದಕ್ಕೆ ಆಧಾರವಿಲ್ಲದಿದ್ದರೂ, ಚಿತ್ರ ಸಂದೇಹಕ್ಕೆ ಎಡೆಯಿಲ್ಲದಂತೆ ಎಲ್ಲವನ್ನೂ ಹೇಳಿಬಿಡುತ್ತದೆ. ಬರೆಹದಲ್ಲಿ ‘ಇರಬಹುದು’ ಎಂಬ ಒಂದು ಕ್ರಿಯಾಪದ ವಿದ್ವಾಂಸನ ಮರ್ಯಾದೆಯನ್ನು ಕಾಪಾಡುತ್ತದೆ. ಚಿತ್ರಕ್ಕೆ ಅಂತಹ ಕ್ರಿಯಾಪದವಿನ್ನೂ ದೊರೆತಿಲ್ಲ.

ಈ ಪ್ರಶ್ನೆ ಕನ್ನಡ ವಿದ್ವಾಂಸರಿಗೆ ಹೊಸದೇನೂ ಅಲ್ಲ. ಗ್ರಂಥಸಂಪಾದನೆಯ ಹೃದಯವೇ ಇದು. ಓಲೆಯಲ್ಲಿ ಹುಳು ತಿಂದ ಅಕ್ಷರಗಳಿಗೆ ಬದಲಾಗಿ ಸಂಪಾದಕನು ತನ್ನ ಊಹಾಪಾಠವನ್ನು ಸೂಚಿಸುತ್ತಾನೆ. ಆದರೆ ಅದನ್ನು ಕಂಸದಲ್ಲಿಡುತ್ತಾನೆ. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾನೆ. ಶಾಸನಪಾಠದಲ್ಲಿ ಸವೆದ ಅಕ್ಷರದ ಜಾಗವನ್ನು ಚುಕ್ಕೆಗಳಿಂದ ತೋರಿಸುತ್ತಾನೆ. ಡಿ. ಎಲ್. ನರಸಿಂಹಾಚಾರ್, ಎಂ. ಎಂ. ಕಲಬುರ್ಗಿ ಅವರಂಥವರು ಶಾಸ್ತ್ರವಾಗಿ ನಿರೂಪಿಸಿದ ಈ ಶಿಸ್ತಿನ ಸಾರವೆಂದರೆ, ಓದುಗನಿಗೆ ಕವಿಯ ಮಾತೆಲ್ಲಿ, ಸಂಪಾದಕನ ಮಾತೆಲ್ಲಿ ಎಂಬುದು ಸ್ಪಷ್ಟವಾಗಿರಬೇಕು. ಕಲ್ಲಿನ ರಥದ ಮೇಲೆ ಶಿಖರವನ್ನು ನಿಲ್ಲಿಸುವವನೂ ಸಂಪಾದಕನೇ. ಅವನ ಚಿತ್ರವೂ ಒಂದು ಪಾಠವೇ. ಪಾಠಕ್ಕಿರುವ ನಿಯಮ ಚಿತ್ರಕ್ಕೂ ಅನ್ವಯಿಸಬೇಕು. ಪಾಶ್ಚಾತ್ಯ ವಿದ್ವಾಂಸರು 2006ರಲ್ಲಿ ಆರಂಭಿಸಿ 2009ರಲ್ಲಿ ಪರಿಷ್ಕರಿಸಿದ ಲಂಡನ್ ಚಾರ್ಟರ್ ಎಂಬ ನಿಯಮಾವಳಿಯೂ, ಗಣಕದಲ್ಲಿ ಪುನಾರಚಿಸಿದ ಪರಂಪರೆಯ ಚಿತ್ರಗಳಲ್ಲಿ ಸಾಕ್ಷ್ಯವೆಷ್ಟು, ಊಹೆಯೆಷ್ಟು ಎಂಬುದು ನೋಡುವವರಿಗೆ ತಿಳಿಯಬೇಕೆಂದೇ ಹೇಳುತ್ತದೆ. ಕನ್ನಡದ ಗ್ರಂಥಸಂಪಾದಕರು ಓಲೆಯ ಮೇಲೆ ಪಾಲಿಸಿಕೊಂಡು ಬಂದ ತತ್ತ್ವವೂ ಇದೇ.

ಹಾಗಿದ್ದಲ್ಲಿ ಚಿತ್ರದಲ್ಲಿ ಕಂಸವನ್ನು ಇಡುವುದು ಹೇಗೆ? ಇದಕ್ಕೆ ಉತ್ತರ ಚಿತ್ರಕಲೆಯಲ್ಲಿಯೇ ಇದೆ. ನಿಶ್ಚಿತವಾದುದನ್ನು ಘನವಾಗಿ, ಆಧಾರವುಳ್ಳ ಊಹೆಯನ್ನು ಅರೆಪಾರದರ್ಶಕವಾಗಿ, ಕೇವಲ ಊಹೆಯನ್ನು ಬರಿಯ ರೇಖೆಯಲ್ಲಿ ತೋರಿಸಬಹುದು. ಗ್ರೀನ್‌ಲಾ ಛಾಯಾಚಿತ್ರವಿರುವುದರಿಂದ ಶಿಖರದ ಆಕಾರವನ್ನು ಘನವಾಗಿಯೇ ನಿಲ್ಲಿಸಲು ಅಡ್ಡಿಯಿಲ್ಲ. ಆದರೆ ಅದಕ್ಕೆ ಬಣ್ಣ ಬಳಿಯುವ ಅಧಿಕಾರವನ್ನು ಆ ಕಪ್ಪುಬಿಳುಪಿನ ಚಿತ್ರ ಕೊಡುವುದಿಲ್ಲ. ಕುದುರೆಗಳ ಹಿಂಗಾಲುಗಳಿಂದ ಮುಂದಕ್ಕೆ ಮೈ ರೇಖೆಯಾಗಿಯೇ ಉಳಿಯಲಿ. ಅನಿಮೇಷನ್ ಇಲ್ಲಿ ಬೆಡಗಿನ ಸಾಧನವಾಗುವ ಬದಲು ವಾದದ ಸಾಧನವಾಗಬಲ್ಲುದು: ಮೊದಲು ಇಂದಿನ ಕಲ್ಲು, ಬಳಿಕ 1856ರ ಶಿಖರ, ಕೊನೆಗೆ ಊಹೆಯ ರೇಖೆಗಳು ಹೀಗೆ ನಿಶ್ಚಯದ ತರತಮದಲ್ಲಿ ಪದರಗಳು ಒಂದೊಂದಾಗಿ ಮೂಡಿದರೆ, ನೋಡುವವನು ರಥವನ್ನು ಮಾತ್ರವಲ್ಲ, ರಥದ ಬಗೆಗಿನ ತಿಳಿವಳಿಕೆ ಕಟ್ಟಿಕೊಂಡ ಬಗೆಯನ್ನೂ ಕಾಣುತ್ತಾನೆ.

ಇದು ತಂತ್ರಜ್ಞರ ಕೆಲಸ, ಇದರಲ್ಲಿ ಕನ್ನಡ ವಿಭಾಗಗಳಿಗೇನು ಪಾತ್ರ ಎಂಬ ಆಕ್ಷೇಪ ಸಹಜ. ಒಂದು ಉದಾಹರಣೆ ಸಾಕು. ವಿಠ್ಠಲ ದೇವಾಲಯದಲ್ಲಿ ಉಯ್ಯಾಲೆ ಮಂಟಪವೊಂದು 1554ರಲ್ಲಿ ನಿರ್ಮಾಣವಾದುದನ್ನು ಶಾಸನ ತಿಳಿಸುತ್ತದೆ. ಕೃಷ್ಣದೇವರಾಯ ತೀರಿಕೊಂಡದ್ದು 1529ರಲ್ಲಿ. ಅವನ ಕಾಲದ ಉತ್ಸವವೆಂದು ಹೇಳಿ ರಾಯನನ್ನು ಆ ಮಂಟಪದಲ್ಲಿ ಕೂರಿಸಿದರೆ, ಚಿತ್ರ ಎಷ್ಟೇ ಮನೋಹರವಾಗಿದ್ದರೂ ಅದು ಕಾಲವ್ಯತ್ಯಾಸದ ದೋಷಕ್ಕೆ ಒಳಗಾಗುತ್ತದೆ. ಈ ದೋಷವನ್ನು ಯಾವ ಮಾಡೆಲಿಂಗ್ ತಂತ್ರಾಂಶವೂ ಹಿಡಿಯಲಾರದು. ಶಾಸನ ಓದಬಲ್ಲವರು ಮಾತ್ರ ಹಿಡಿಯಬಲ್ಲರು. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನಿಂದ ನಡೆದ ಡಿಜಿಟಲ್ ಹಂಪಿ ಯೋಜನೆಯಲ್ಲಿ ಎಂಜಿನಿಯರಿಂಗ್ ಮತ್ತು ವಿನ್ಯಾಸ ಸಂಸ್ಥೆಗಳು ಗಣನೀಯವಾಗಿ ದುಡಿದಿವೆ. ಇನ್ನು ಮುಂದಿನ ಇಂತಹ ಕೆಲಸಗಳಲ್ಲಿ ಕನ್ನಡದ ಆಕರತಜ್ಞರು ಕೊನೆಗೆ ಸಲಹೆ ನೀಡಲು ಬರುವ ಅತಿಥಿಗಳಾಗದೆ, ಮೊದಲ ರೇಖೆಯಿಂದಲೇ ಪಾಲುಗಾರರಾಗಬೇಕು.

ಸಂದೇಹದ ಗುರುತುಗಳು ನೋಟದ ಸೊಗಸನ್ನು ಕೆಡಿಸುತ್ತವೆ ಎಂಬ ಇನ್ನೊಂದು ಆಕ್ಷೇಪವೂ ಇದೆ. ಪ್ರವಾಸಿಗನಿಗೆ ಬೇಕಾದುದು ವೈಭವವೇ ಹೊರತು ಅಡಿಟಿಪ್ಪಣಿಯಲ್ಲ ಎಂಬ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಪದರಗಳನ್ನು ಬೇಕಾದಾಗ ತೆರೆದು, ಬೇಡವಾದಾಗ ಮುಚ್ಚುವ ಅನುಕೂಲ ಈ ಮಾಧ್ಯಮಕ್ಕೇ ವಿಶಿಷ್ಟವಾದುದು. ಅಡಿಟಿಪ್ಪಣಿ ಕಣ್ಣಿಗೆ ಅಡ್ಡ ಬರಬೇಕಾಗಿಲ್ಲ, ಕೇಳಿದವರಿಗೆ ಸಿಗುವಂತಿದ್ದರೆ ಸಾಕು. ಅದು ಇಲ್ಲವೇ ಇಲ್ಲವೆಂದಾಗ ಮಾತ್ರ ವೈಭವ ಸುಳ್ಳಾಗುತ್ತದೆ.

ಉಳಿವಿನ ಪ್ರಶ್ನೆಯೂ ಅಷ್ಟೇ ಗಂಭೀರವಾದುದು. ವರ್ಧಿತ ವಾಸ್ತವದ ಚಿತ್ರಗಳನ್ನು ರಚಿಸಲು ಅಸಂಖ್ಯರು ನೆಚ್ಚಿದ್ದ ಮೆಟಾ ಸ್ಪಾರ್ಕ್ ಎಂಬ ವೇದಿಕೆಯನ್ನು ಅದರ ಒಡೆಯರು 2025ರ ಜನವರಿಯಲ್ಲಿ ಮುಚ್ಚಿದರು. ಅದರ ಮೇಲೆ ಹೊರಗಿನ ಕಲಾವಿದರು ಕಟ್ಟಿದ್ದ ರಚನೆಗಳು ಬಳಕೆಯಿಂದ ಮರೆಯಾದವು. ಓಲೆಗರಿ ಹುಳು ತಿಂದರೂ ಶತಮಾನಗಳ ಕಾಲ ಬಾಳಿತು. ಈ ಚಿತ್ರಗಳ ಆಯಸ್ಸು ಒಂದು ಸಂಸ್ಥೆಯ ತೀರ್ಮಾನದಷ್ಟೇ. ಆದ್ದರಿಂದ ಮೂಲಮಾದರಿಗಳನ್ನು ಬ್ಲೆಂಡರ್‌ನಂತಹ ಮುಕ್ತ ತಂತ್ರಾಂಶದಲ್ಲಿ ರಚಿಸಿ, ಅಂತರರಾಷ್ಟ್ರೀಯ ಮಾನಕವಾಗಿ 2022ರಲ್ಲಿ ಅಂಗೀಕೃತವಾದ ಜಿಎಲ್‌ಟಿಎಫ್‌ನಂತಹ ಮುಕ್ತ ರೂಪದಲ್ಲಿ, ಆಕರಗಳ ಪಟ್ಟಿಯೊಡನೆ ಗ್ರಂಥಾಲಯಗಳಲ್ಲಿ ಕಾಪಿಡಬೇಕು. ಪ್ರತಿ ಮಾಡಿಟ್ಟುಕೊಳ್ಳುವ ಲಿಪಿಕಾರನ ಧರ್ಮ ಇಲ್ಲಿಯೂ ತಪ್ಪುವಂತಿಲ್ಲ.

ಹೊರನಾಡಿನ ಕನ್ನಡ ವಿಭಾಗಗಳಿಗೆ ಈ ವಿಚಾರ ಇನ್ನೂ ಹತ್ತಿರದ್ದು. ಮುಂಬಯಿ, ಪುಣೆ, ದೆಹಲಿಗಳಲ್ಲಿ ಬೆಳೆಯುವ ಮೂರನೆಯ ತಲೆಮಾರಿನ ಕನ್ನಡ ಮಗು ಹಂಪೆಯನ್ನು ಮೊದಲು ಕಾಣುವುದು ಪರದೆಯ ಮೇಲೆಯೇ. ಮನೆಯ ಮೇಜಿನ ಮೇಲೆ ಕಲ್ಲಿನ ರಥವನ್ನು ನಿಲ್ಲಿಸಿ ಸುತ್ತು ಬಂದು ನೋಡುವ ಆ ಮಗುವಿಗೆ ಹೋಲಿಸಿ ನೋಡಲು ಎದುರಿಗೆ ಕಲ್ಲಿಲ್ಲ. ಚಿತ್ರ ಹೇಳಿದ್ದೇ ಅದಕ್ಕೆ ಹಂಪೆ. ಹೀಗಾಗಿ ಚಿತ್ರಕಾರನ ಹೊಣೆ ಇಲ್ಲಿ ಇಮ್ಮಡಿಯಾಗುತ್ತದೆ. ಅನಿಮೇಷನ್ ಉದ್ಯಮ ನೆಲೆಗೊಂಡಿರುವ ಮುಂಬಯಿಯಂತಹ ನಗರದ ಕನ್ನಡ ವಿದ್ಯಾರ್ಥಿಗೆ ಅವಕಾಶವೂ ಇಲ್ಲಿಯೇ ಇದೆ. ಸ್ನಾತಕೋತ್ತರ ತರಗತಿಯ ಕಿರುಪ್ರಬಂಧವೊಂದು ಒಂದು ಸ್ಮಾರಕವನ್ನು ಆಯ್ದುಕೊಂಡು, ಅದರ ಶಾಸನ, ಪ್ರವಾಸಕಥನ, ಹಳೆಯ ಛಾಯಾಚಿತ್ರಗಳನ್ನು ಕಲೆಹಾಕಿ, ಪ್ರತಿಯೊಂದು ಭಾಗದ ನಿಶ್ಚಯದ ಪ್ರಮಾಣವನ್ನು ನಿರ್ಣಯಿಸಿ, ವಿನ್ಯಾಸದ ವಿದ್ಯಾರ್ಥಿಯೊಡನೆ ಕೂಡಿ ಚಿತ್ರವಾಗಿ ರೂಪಿಸಬಾರದೇಕೆ? ಗ್ರಂಥಸಂಪಾದನೆಯ ಪಾಠ ಪರೀಕ್ಷೆಯ ಪತ್ರಿಕೆಗಷ್ಟೇ ಸೀಮಿತವಾಗುತ್ತಿರುವ ಕಾಲದಲ್ಲಿ ಅದಕ್ಕೆ ಇಂತಹ ಹೊಸ ಕಾರ್ಯಕ್ಷೇತ್ರ ದೊರೆಯುವುದು ಸಣ್ಣ ಮಾತಲ್ಲ. ಗತಕಾಲವನ್ನು ಕಣ್ಣೆದುರು ನಿಲ್ಲಿಸುವ ಶಕ್ತಿ ತಂತ್ರಾಂಶಕ್ಕೆ ಬಂದಿದೆ. ನಿಂತದ್ದರಲ್ಲಿ ಎಷ್ಟು ನಿಜ ಎಂದು ಹೇಳುವ ಹೊಣೆಯನ್ನು ವಿದ್ವತ್ತು ಬಿಟ್ಟುಕೊಡಬಾರದು.