ಒಂದು ಪ್ರಶ್ನೆ ಪ್ರಯೋಗಾಲಯದ ಕೆಲಸ ಮಾಡಬಲ್ಲದೇ?

ರೋಗಪತ್ತೆ ಎಂದೊಡನೆ ರಕ್ತಪರೀಕ್ಷೆ, ಸೂಕ್ಷ್ಮದರ್ಶಕ, ಪ್ರಯೋಗಾಲಯಗಳು ನೆನಪಾಗುತ್ತವೆ. ಇವು ಸುಲಭವಾಗಿ ಕೈಗೆಟುಕದ ಆಫ್ರಿಕಾದ ಹಳ್ಳಿಗಳಲ್ಲಿ ಪ್ರಶ್ನಾವಳಿಯೊಂದು ಈ ಕೆಲಸದ ಮೊದಲ ಹಂತವನ್ನು ನಿಭಾಯಿಸಿ ತೋರಿಸಿರುವುದು ಗಮನಾರ್ಹ.

ಅಲ್ಲಿನ ಶಿಸ್ಟೊಸೋಮಿಯಾಸಿಸ್ ಎಂಬ ರೋಗಕ್ಕೆ ಕಾರಣ ಒಂದು ಪರೋಪಜೀವಿ ಹುಳು. ಸಿಹಿನೀರಿನ ಬಸವನಹುಳುವಿನಿಂದ ಹೊರಬರುವ ಇದರ ಮರಿಗಳು, ನೀರಿಗಿಳಿದವರ ಚರ್ಮದ ಮೂಲಕ ದೇಹ ಸೇರುತ್ತವೆ. ಒಂದು ಬಗೆಯಲ್ಲಿ ಮೂತ್ರಕೋಶಕ್ಕೆ ಹಾನಿಯಾಗಿ ಮೂತ್ರದಲ್ಲಿ ರಕ್ತ ಕಾಣಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ 25 ಕೋಟಿಗೂ ಹೆಚ್ಚು ಜನರಿಗೆ ಇದರ ವಿರುದ್ಧ ಮುಂಜಾಗ್ರತಾ ಔಷಧ ಅಗತ್ಯವಿತ್ತು. ಅದನ್ನು ಪಡೆದವರು ಸುಮಾರು ಏಳೂವರೆ ಕೋಟಿ ಮಾತ್ರ.

ಔಷಧ ಮೊದಲು ಯಾವ ಊರಿಗೆ ಹೋಗಬೇಕು? ತಾಂಜಾನಿಯಾದ ಕಿಲೋಸಾ ಜಿಲ್ಲೆಯಲ್ಲಿ ಇದಕ್ಕೆ ಕಂಡುಕೊಂಡ ಉಪಾಯದ ವರದಿ 1991ರಲ್ಲಿ ಪ್ರಕಟವಾಯಿತು. ಆಡಳಿತದ ಮೂಲಕವೇ ಶಾಲೆಗಳಿಗೆ ಪ್ರಶ್ನಾವಳಿ ತಲುಪಿತು. ಶಿಕ್ಷಕರು ಮಕ್ಕಳನ್ನು ಕೇಳಿ ಉತ್ತರ ಬರೆದುಕೊಂಡರು. ಯಾವ ರೋಗದ ಹುಡುಕಾಟವೆಂದು ಗೊತ್ತಾಗದಂತೆ ಜ್ವರ, ಕೆಮ್ಮಿನಂಥ ಹಲವು ತೊಂದರೆಗಳ ನಡುವೆ ಈ ಪ್ರಶ್ನೆಯನ್ನೂ ಸೇರಿಸಲಾಗಿತ್ತು. ರೋಗಕ್ಕೆ ಜನರಾಡುವ ಸ್ವಾಹಿಲಿಯಲ್ಲಿ 'ಕಿಚೋಚೊ' ಎಂಬ ಹೆಸರು ಇದ್ದುದು ಅನುಕೂಲವಾಯಿತು. ಹೆಚ್ಚು 'ಹೌದು' ಬಂದ ಶಾಲೆಗಳಲ್ಲಿ ಮಾತ್ರ ಮೂತ್ರಪರೀಕ್ಷೆ ನಡೆಸಿದರೆ ಸಾಕಾಗಿ, ಖರ್ಚು ಬಹಳ ಇಳಿಯಿತು.

ಆದರೆ ಮಿತಿಗಳೂ ಇವೆ. ಪ್ರಶ್ನಾವಳಿ ಅಪಾಯದಲ್ಲಿರುವ ಶಾಲೆಯನ್ನು ತೋರಿಸುತ್ತದೆಯೇ ಹೊರತು ರೋಗಿಯನ್ನು ಖಚಿತವಾಗಿ ಗುರುತಿಸುವುದಿಲ್ಲ. ಕರುಳಿಗೆ ತಗಲುವ ಬಗೆಯಲ್ಲಿ ಇದು ಅಷ್ಟು ಫಲಕಾರಿಯಲ್ಲ. ಹೆಣ್ಣುಮಕ್ಕಳು ನಾಚಿಕೆಯಿಂದ ಸುಮ್ಮನಿರಬಹುದು. ರಕ್ತವನ್ನು ಮುಟ್ಟಿನದೆಂದು ತಿಳಿಯಬಹುದು. ಇದೇ ಹುಳು ಮಹಿಳೆಯರ ಜನನಾಂಗಕ್ಕೂ ಹಾನಿ ಮಾಡುವುದರಿಂದ ಈ ಮೌನ ದುಬಾರಿಯಾಗುತ್ತದೆ.

ಇನ್ನೊಂದು ಸವಾಲು ಈಗಿನದು. ಔಷಧ ವಿತರಣೆಯಿಂದ ಸೋಂಕು ತಗ್ಗಿದ ಕಡೆ ಕಣ್ಣಿಗೆ ಕಾಣುವ ರಕ್ತವೂ ಕಡಿಮೆ. ಕೇಳಿದರೆ 'ಇಲ್ಲ' ಎನ್ನುತ್ತಾರೆ, ಹುಳು ಮಾತ್ರ ಉಳಿದಿರುತ್ತದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶೇ. 10ರಷ್ಟು ಸೋಂಕಿರುವ ಸಮುದಾಯಗಳಿಗೂ ವರ್ಷಕ್ಕೊಮ್ಮೆ ಔಷಧ ನೀಡಲು ಶಿಫಾರಸು ಮಾಡಿದೆ. ಅಷ್ಟು ಕಡಿಮೆ ಸೋಂಕನ್ನು ಪ್ರಶ್ನೆಯೊಂದರಿಂದಲೇ ಅಳೆಯುವುದು ಕಷ್ಟ.

ಭಾರತದಲ್ಲಿ ಈ ರೋಗ ತೀರಾ ವಿರಳ. ರತ್ನಾಗಿರಿ ಜಿಲ್ಲೆಯ ಗಿಮ್ವಿ ಗ್ರಾಮದಿಂದ 1952ರಲ್ಲಿ ವರದಿಯಾಗಿತ್ತು. ಆದರೆ ಪ್ರಶ್ನಾವಳಿಯ ಪಾಠ ನಮ್ಮ ರೋಗಗಳಿಗೂ ಅನ್ವಯಿಸುತ್ತದೆ. ಕಲಬುರಗಿ, ಬೀದರ್ ಭಾಗದಲ್ಲಿ ಕಾಡಿದ ಆನೆಕಾಲು ರೋಗದ ಸೋಂಕು ಕಾಲು ಊದುವ ಮೊದಲೇ ವರ್ಷಗಟ್ಟಲೆ ಮೌನವಾಗಿರಬಲ್ಲದು. ಅಲ್ಲಿ ಮಾತಿಗಿಂತ ರಾತ್ರಿಯ ರಕ್ತಪರೀಕ್ಷೆಯೇ ಬೇಕು.

ಹೊರನಾಡಿನ ಕನ್ನಡ ಸಂಘಗಳು ನಡೆಸುವ ಆರೋಗ್ಯ ಶಿಬಿರಗಳಲ್ಲೂ ಮೊದಲು ತುಂಬಿಸುವುದು ಅರ್ಜಿಯನ್ನೇ. ಅದರ ಪ್ರಶ್ನೆಗಳು ಜನರ ಆಡುಮಾತಿನಲ್ಲಿದ್ದು, ಮಹಿಳೆಯರನ್ನು ಮಹಿಳೆಯರೇ ಪ್ರತ್ಯೇಕವಾಗಿ ಕೇಳಿ, 'ಹೌದು' ಎಂದವರನ್ನು ಪರೀಕ್ಷೆ ಮತ್ತು ಚಿಕಿತ್ಸೆಯವರೆಗೆ ತಲುಪಿಸಿದರೆ ಮಾತ್ರ ಆ ಕಾಗದಕ್ಕೆ ಬೆಲೆ. ಇಲ್ಲವಾದರೆ ಅದು ಕಡತ ಸೇರುವ ಇನ್ನೊಂದು ಹಾಳೆಯಷ್ಟೇ.