ಕ್ಯಾಬಿನ್‌ನಲ್ಲೋ, ಮೂಟೆಯ ಮೇಲೋ?
ಅತ್ತಿವೇರಿ ಸುತ್ತಿನ ರಸ್ತೆಗಳಲ್ಲಿ ಈ ವಾರವೂ ಲಾರಿಯ ಮೂಟೆಗಳ ಮೇಲೆ ಕೂತು ಸಂತೆಗೆ ಹೊರಟವರು ಕಂಡರು. 2025ರ ಜನವರಿ 22ರ ನಸುಕಿನಲ್ಲಿ ಯಲ್ಲಾಪುರದ ಅರಬೈಲ್ ಘಟ್ಟದಲ್ಲಿ ಉರುಳಿದ ಲಾರಿಯಲ್ಲಿದ್ದವರೂ ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ವ್ಯಾಪಾರಿಗಳೇ. 10 ಮಂದಿ ಸತ್ತರು. ಸರ್ಕಾರಗಳು ಕೂಡಲೇ ಹಣ ಘೋಷಿಸಿದವು, ಸರಿ. ಆದರೆ ಅದು ದಯೆ, ಹಕ್ಕಿನ ಲೆಕ್ಕ ಬೇರೆ. ಮೋಟಾರು ವಾಹನ ಕಾಯ್ದೆಯ 147ನೇ ಕಲಮು 1994ರ ತಿದ್ದುಪಡಿಯ ನಂತರ ಸರಕಿನ ಜೊತೆ ಸಾಗುವ ಅದರ ಮಾಲೀಕನನ್ನೂ ವಿಮೆಯ ಒಳಗೆ ತಂದಿತು. ಇಷ್ಟು ಸಾಲದೇ? ಸಾಲದು. ಚೊಲ್ಲೇಟಿ ಭಾರತಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆ ಮಾಲೀಕ ಕ್ಯಾಬಿನ್‌ನಲ್ಲೇ ಕೂತಿರಬೇಕು ಎಂದಿತು. ನಾಲ್ಕು ಜನ ಕೂರಲು ಕಷ್ಟವಾದ ಕ್ಯಾಬಿನ್, ಅರಬೈಲ್‌ನಲ್ಲಿ ಇದ್ದವರು ಇಪ್ಪತ್ತಕ್ಕೂ ಹೆಚ್ಚು! ಅದೇ ತಿರುವಿನಲ್ಲಿ ಬಸ್ಸು ಉರುಳಿದ್ದರೆ ಯಾರು ಯಾವ ಸೀಟಿನಲ್ಲಿದ್ದರು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಅಪಾಯ ಗೊತ್ತಿದ್ದೇ ಹತ್ತಿದರಲ್ಲ ಎನ್ನುವವರಿದ್ದಾರೆ. ನಿಜ, ಆ ಅಜಾಗರೂಕತೆಗೆ ಪರಿಹಾರದಲ್ಲಿ ಒಂದು ಪಾಲು ಕಡಿತವಾಗಲಿ; ಸ್ಟೇರಿಂಗ್ ಹಿಡಿಯದವನು ಪೂರ್ತಿ ಏಕೆ ಕಳೆದುಕೊಳ್ಳಬೇಕು? ವಿಮಾ ಕಂಪನಿ ಕೈ ತೊಳೆದುಕೊಂಡರೆ ಉಳಿಯುವವನು ಲಾರಿ ಮಾಲೀಕ. ಅವನದು ಸಾಲದ ಮೇಲಿನ ಒಂದೇ ಲಾರಿಯಾಗಿದ್ದರೆ ತೀರ್ಪು ಬರೀ ಕಾಗದ. ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು 2004ರ ಬಲ್ಜಿತ್ ಕೌರ್ ಪ್ರಕರಣದಲ್ಲಿ ಕೋರ್ಟೇ ದಾರಿ ತೋರಿಸಿತ್ತು. ಅದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟ ಮಾತಾಗದೆ ಕಾಯ್ದೆಯ ಸಾಲಾಗಬೇಕು. ಅಲ್ಲಿಯವರೆಗೆ, ಗಾಯಾಳುವಿನ ಮೊದಲ ಪೊಲೀಸ್ ಹೇಳಿಕೆಯಲ್ಲೇ ಅವನ ಸರಕು ಯಾವುದು, ಎಷ್ಟು ಮೂಟೆ, ಬಾಡಿಗೆ ಯಾರಿಗೆ ಕೊಟ್ಟ ಎಂಬುದು ದಾಖಲಾಗಲಿ. ಪರಿಹಾರದ ಅರ್ಜಿ ಕೇಳುವ ಟ್ರಿಬ್ಯೂನಲ್‌ನಲ್ಲಿ ಕಂಪನಿಯ ವಕೀಲರು ಮೊದಲು ಕೆದಕುವುದು ಅದನ್ನೇ.